ಲೀಡ್ ಟೈಮ್ ಬೆಳೆಸಿದ್ದು ನಾವೇ: ಒಂದು ಸೀಲಿನ ಹಿಂದೆ ಹೋದ ಕಥೆ

ಗೋದಾಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ಆದರೂ ಅಸೆಂಬ್ಲಿ ಲೈನ್ ನಿಂತಿತ್ತು. ನಾನು ಮೆಟೀರಿಯಲ್ ಪ್ಲ್ಯಾನಿಂಗ್ ಕೆಲಸಕ್ಕೆ ಬಂದು ಮೂರನೇ ವರ್ಷ ಅದು. ನಮ್ಮದು ಪಂಪ್ ತಯಾರಿಸುವ ಕಂಪನಿ. ಒಂದು ಪಂಪಿಗೆ ಹತ್ತಾರು ಬಿಡಿಭಾಗ ಬೇಕು, ಎಲ್ಲಾ ಇದ್ದು ಒಂದೇ ಒಂದು ಇಲ್ಲ ಅಂದರೂ ಪಂಪ್ ಆಗುವುದಿಲ್ಲ. ಆ ದಿನ ಇಲ್ಲದ್ದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಮೆಕ್ಯಾನಿಕಲ್ ಸೀಲ್. ಶಾಫ್ಟ್ ತಿರುಗುವ ಜಾಗದಲ್ಲಿ ನೀರು ಸೋರದ ಹಾಗೆ ತಡೆಯುವ ಭಾಗ ಅದು. ಸುತ್ತಲೂ ಕೇಸಿಂಗ್, ಇಂಪೆಲ್ಲರ್, ಮೋಟಾರು ಗುಡ್ಡೆ ಬಿದ್ದಿದ್ದವು, ಸೀಲ್ ಇಡುವ ರ್‍ಯಾಕ್ ಮಾತ್ರ ಬರಿದು.

ಇದರಲ್ಲಿ ನನ್ನನ್ನು ಕಾಡಿದ್ದು ಕೊರತೆ ಅಲ್ಲ. ಅದೇ ಸೀಲು ಆರು ತಿಂಗಳ ಹಿಂದೆ ಜಾಸ್ತಿ ಆಗಿತ್ತು. ಎಷ್ಟು ಜಾಸ್ತಿ ಅಂದರೆ, ಇನ್ನು ತರಿಸಬೇಡಿ ಅಂತ ಮೇಲಿನಿಂದ ಪತ್ರವೇ ಬಂದಿತ್ತು. ನಿಲ್ಲಿಸಿದೆವು. ಮೂರು ತಿಂಗಳಿಗೆ ಕೊರತೆ ಬಂತು. ಹೆದರಿ ಎರಡು ಪಟ್ಟು ಆರ್ಡರ್ ಹಾಕಿದೆವು. ಅದೆಲ್ಲಾ ಒಟ್ಟಿಗೆ ಬಂದು ಬಿದ್ದು ಮತ್ತೆ ರಾಶಿ, ಮತ್ತೆ ನಿಲ್ಲಿಸಿ ಅಂತ ಪತ್ರ, ಮತ್ತೆ ಕೊರತೆ. ಮೂರು ವರ್ಷದಲ್ಲಿ ಈ ಸುತ್ತು ನಾಲ್ಕು ಸಲ ತಿರುಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಪ್ರತಿ ಸಲ ಮೀಟಿಂಗ್ ಆಗುತ್ತಿತ್ತು. ಪರ್ಚೇಸ್‌ನವರು ಸಪ್ಲೈಯರ್ ಸರಿಯಿಲ್ಲ ಅನ್ನುತ್ತಿದ್ದರು. ಪ್ರೊಡಕ್ಷನ್‌ನವರು ಸೇಲ್ಸ್‌ನವರ ಅಂದಾಜು ಸರಿಯಿಲ್ಲ ಅನ್ನುತ್ತಿದ್ದರು. ಸೇಲ್ಸ್‌ನವರು ಮಾರುಕಟ್ಟೆಯೇ ಹಾಗೆ, ಏರಿಳಿತ ನಮ್ಮ ಕೈಯಲ್ಲಿ ಇಲ್ಲ ಅನ್ನುತ್ತಿದ್ದರು. ಎಲ್ಲರೂ ಪ್ರಾಮಾಣಿಕರು, ಯಾರೂ ಸೋಮಾರಿಗಳಲ್ಲ. ಇಷ್ಟು ಜನ ಇಷ್ಟು ಕಷ್ಟಪಟ್ಟು ದುಡಿದರೂ ಫಲಿತಾಂಶ ಯಾಕೆ ಹೀಗೆ ಅನ್ನುವ ಪ್ರಶ್ನೆ ಆಗಲೇ ಮನಸ್ಸಿನಲ್ಲಿ ಕೂತಿತ್ತು.

ಆಗ ನಾನು ಮಾಡುತ್ತಿದ್ದದ್ದು ಒಬ್ಬ ಒಳ್ಳೆಯ ಪ್ಲ್ಯಾನರ್ ಮಾಡಬೇಕಾದ ಕೆಲಸವೇ ಅಂತ ನಂಬಿದ್ದೆ. ಸೀಲ್ ಎಂಟು ವಾರದ ಬದಲು ಹತ್ತು ವಾರಕ್ಕೆ ಬಂದರೆ ಸಾಫ್ಟ್‌ವೇರಿನಲ್ಲಿ ಲೀಡ್ ಟೈಮ್, ಅಂದರೆ ಆರ್ಡರ್ ಹಾಕಿದ ಮೇಲೆ ಸರಕು ಕೈಗೆ ಬರುವ ತನಕದ ಸಮಯ, ಆ ಕಾಲಂ ತೆರೆದು 8 ಇದ್ದದ್ದನ್ನು 10 ಮಾಡುತ್ತಿದ್ದೆ. ಒಮ್ಮೆ ಖಾಲಿ ಆದರೆ ಸೇಫ್ಟಿ ಸ್ಟಾಕ್, ಅಂದರೆ ಆಪತ್ತಿಗೆ ಅಂತ ಇಟ್ಟುಕೊಳ್ಳುವ ಹೆಚ್ಚುವರಿ ದಾಸ್ತಾನು, ಏರಿಸುತ್ತಿದ್ದೆ. ಬೆಳಗ್ಗೆ ಬಂದ ಕೂಡಲೇ ಕೊರತೆಯ ಪಟ್ಟಿ ಹಿಡಿದು ಸಪ್ಲೈಯರುಗಳಿಗೆ ಫೋನು. ಮೊದಲು ಇದು ಕೊಡಿ, ಅದು ಆಮೇಲೆ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಬದಲಾಗಿರುತ್ತಿತ್ತು, ಮತ್ತೆ ಫೋನು. ಸಂಜೆ ಮನೆಗೆ ಹೋಗುವಾಗ ಇವತ್ತು ಏನೋ ಸಾಧಿಸಿದೆ ಅನ್ನಿಸುತ್ತಿತ್ತು. ನಾಳೆ ಅದೇ ಪಟ್ಟಿ, ಇನ್ನೂ ಎರಡು ಸಾಲು ಉದ್ದ.

ಸಿಸ್ಟಮ್ಸ್ ಥಿಂಕಿಂಗ್, ಅಂದರೆ ಬಿಡಿಬಿಡಿಯಾಗಿ ನೋಡದೆ ಇಡೀ ವ್ಯವಸ್ಥೆಯನ್ನು ಒಟ್ಟಿಗೆ ನೋಡುವುದು, ಅನ್ನುವ ಪದ ಮೊದಲೇ ಕೇಳಿದ್ದೆ, ಆದರೆ ಅದು ಭಾಷಣದ ಮಾತು ಅಂದುಕೊಂಡಿದ್ದೆ. ಎಲ್ಲವೂ ಒಂದಕ್ಕೊಂದು ಸೇರಿಕೊಂಡಿದೆ ಅಂತ ಯಾರು ಬೇಕಾದರೂ ಹೇಳಬಹುದು, ಅದರಿಂದ ಸೀಲ್ ಬರುತ್ತದಾ? ನನ್ನ ಅಭಿಪ್ರಾಯ ಬದಲಿಸಿದ್ದು ಜೇ ಫಾರೆಸ್ಟರ್ ಅನ್ನುವ ಎಂಜಿನಿಯರ್ ಹೇಳಿಕೊಂಡ ಒಂದು ಹಳೆಯ ಅನುಭವ. ಅವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಟ್ಟುತ್ತಿದ್ದವರು, 1956ರಲ್ಲಿ ಅಲ್ಲಿನ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಅವರ ಹತ್ತಿರ ಒಂದು ಒಗಟು ತಂದರು. ಅಮೆರಿಕದ ಕೆಂಟಕಿಯಲ್ಲಿದ್ದ ಅವರ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳು ಒಮ್ಮೆ ಮೂರು ನಾಲ್ಕು ಶಿಫ್ಟ್ ಓಡುತ್ತವೆ, ಕೆಲವು ವರ್ಷ ಕಳೆದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತದೆ, ಯಾಕೆ? ಮಾರುಕಟ್ಟೆಯ ಏರಿಳಿತ ಅಂತ ಹೇಳಿ ಮುಗಿಸಬಹುದಿತ್ತು. ಫಾರೆಸ್ಟರ್ ಅವರು ಆರ್ಡರ್ ಹೇಗೆ ಹಾಕುತ್ತೀರಿ, ಜನರನ್ನು ಹೇಗೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿ ತಿಳಿದುಕೊಂಡು, ಒಂದು ನೋಟ್‌ಬುಕ್ ಹಾಳೆಯಲ್ಲಿ ಸ್ಟಾಕು, ಕೆಲಸಗಾರರು, ಆರ್ಡರು ಅಂತ ಕಾಲಂ ಹಾಕಿ ವಾರದಿಂದ ವಾರಕ್ಕೆ ಪೆನ್ಸಿಲಿನಲ್ಲಿ ಲೆಕ್ಕ ಮಾಡುತ್ತಾ ಹೋದರು. ಹೊರಗಿನಿಂದ ಬರುವ ಆರ್ಡರ್ ಒಂದೇ ಸಮ ಇದ್ದರೂ, ಒಳಗಿನ ನಿಯಮಗಳಿಂದಲೇ ಕೆಲಸಗಾರರ ಸಂಖ್ಯೆ ಏರಿಳಿಯಬಲ್ಲದು ಅಂತ ಆ ಹಾಳೆಯಲ್ಲೇ ಕಂಡಿತು.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹಾಗಾದರೆ ನಮ್ಮ ಏರಿಳಿತವೂ ಒಳಗಿನದ್ದೇನಾ?

ಮಾರನೇ ದಿನದಿಂದ ಒಂದೇ ಸೀಲ್ ಹಿಡಿದು ಕೂತೆ. ಎಲ್ಲಾ ಭಾಗಗಳನ್ನೂ ಒಟ್ಟಿಗೆ ನೋಡಲು ಹೋಗಲಿಲ್ಲ, ಅದು ಒಳ್ಳೆಯದಾಯಿತು. ಹಿಂದಿನ 52 ವಾರದ ಲೆಕ್ಕ ತೆಗೆದೆ. ದೊಡ್ಡ ಗ್ರಾಫ್ ಹಾಳೆಯಲ್ಲಿ ನಾಲ್ಕು ಗೆರೆ. ಮೊದಲನೆಯದು ಡೀಲರುಗಳು ನಿಜವಾಗಿ ಗಿರಾಕಿಗಳಿಗೆ ಮಾರಿದ ಪಂಪು. ಎರಡನೆಯದು ಡೀಲರುಗಳು ನಮಗೆ ಹಾಕಿದ ಆರ್ಡರು. ಮೂರನೆಯದು ನಮ್ಮ ಲೈನ್ ಮಾಡಿದ ಪಂಪು. ನಾಲ್ಕನೆಯದು ನಾವು ಸೀಲ್ ಸಪ್ಲೈಯರಿಗೆ ಹಾಕಿದ ಆರ್ಡರು. ಮೊದಲ ಗೆರೆಗೆ ಬೇಕಾದ ಲೆಕ್ಕ ಸಿಗುವುದೇ ಕಷ್ಟವಾಯಿತು, ಯಾಕೆಂದರೆ ನಾವು ಯಾವತ್ತೂ ಅದನ್ನು ಕೇಳಿಯೇ ಇರಲಿಲ್ಲ. ಸೇಲ್ಸ್‌ನ ಒಬ್ಬ ಗೆಳೆಯ ನಾಲ್ಕು ಡೀಲರುಗಳಿಂದ ಬಿಲ್ ಪುಸ್ತಕದ ಲೆಕ್ಕ ತರಿಸಿಕೊಟ್ಟ. ಇದಕ್ಕೇ ಮೂರು ವಾರ ಹಿಡಿಯಿತು.

ಗೆರೆ ಎಳೆದು ಮುಗಿಸಿ ಹಾಳೆ ಗೋಡೆಗೆ ಅಂಟಿಸಿ ಹಿಂದೆ ಸರಿದು ನೋಡಿದೆ. ಮೊದಲ ಗೆರೆ ಹೆಚ್ಚು ಕಡಿಮೆ ನೆಟ್ಟಗೆ, ಸಣ್ಣ ಸಣ್ಣ ಅಲೆ. ಎರಡನೆಯದರಲ್ಲಿ ಮೂರು ತಿಂಗಳಿಗೊಂದು ಗುಡ್ಡ. ಮೂರನೆಯದು ಇನ್ನೂ ಎತ್ತರ, ಇನ್ನೂ ಆಳ. ನಾಲ್ಕನೆಯದು, ಅಂದರೆ ನನ್ನ ಕೈಯಿಂದಲೇ ಹೋದ ಆರ್ಡರುಗಳು, ಕೆಲವು ವಾರ ಸೊನ್ನೆ, ಕೆಲವು ವಾರ ಹಾಳೆಯ ಅಂಚಿಗೆ ಮುಟ್ಟುವಷ್ಟು. ಮಾರುಕಟ್ಟೆಯೇ ಹಾಗೆ ಅಂತ ನಾವು ವರ್ಷಗಟ್ಟಲೆ ಹೇಳಿದ್ದು ಸುಳ್ಳು. ಮಾರುಕಟ್ಟೆ ಶಾಂತವಾಗಿತ್ತು. ಏರಿಳಿತ ಹುಟ್ಟುತ್ತಿದ್ದದ್ದು ನಮ್ಮ ಮಧ್ಯೆಯೇ, ಒಬ್ಬೊಬ್ಬರ ಕೈ ದಾಟುವಾಗಲೂ ಬೆಳೆಯುತ್ತಿತ್ತು.

ಇದಕ್ಕೆ ಬುಲ್‌ವಿಪ್ ಅನ್ನುವ ಹೆಸರಿದೆ. ಚಾಟಿ ಬೀಸುವಾಗ ಮಣಿಕಟ್ಟು ಅಲ್ಲಾಡುವುದು ಸ್ವಲ್ಪ, ತುದಿ ಹೊಡೆದುಕೊಳ್ಳುವುದು ಎಷ್ಟೋ ಪಟ್ಟು, ಅಲ್ವಾ? ಅದೇ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಮಕ್ಕಳ ಡಯಾಪರ್ ವ್ಯಾಪಾರದಲ್ಲಿ ಇದನ್ನು ಗಮನಿಸಿ ಆ ಹೆಸರು ಬಳಸಿದರು. ಮಕ್ಕಳು ಡಯಾಪರ್ ಬಳಸುವುದು ದಿನಾ ಹೆಚ್ಚು ಕಡಿಮೆ ಒಂದೇ ಲೆಕ್ಕ, ಅಂಗಡಿಯ ಮಾರಾಟದಲ್ಲೂ ದೊಡ್ಡ ಏರುಪೇರಿಲ್ಲ, ಆದರೆ ವಿತರಕರ ಆರ್ಡರ್ ಮಾತ್ರ ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. 1997ರಲ್ಲಿ ಹೌ ಲೀ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಇದಕ್ಕೆ ನಾಲ್ಕು ಕಾರಣ ಕೊಟ್ಟರು: ಆರ್ಡರನ್ನೇ ಬೇಡಿಕೆ ಅಂದುಕೊಂಡು ಮುಂದಿನ ಅಂದಾಜು ಮಾಡುವುದು, ಆರ್ಡರುಗಳನ್ನು ಗಂಟು ಕಟ್ಟಿ ಒಟ್ಟಿಗೆ ಹಾಕುವುದು, ಬೆಲೆ ಇಳಿಸಿ ಏರಿಸುವುದು, ಕೊರತೆ ಇದ್ದಾಗ ಬೇಕಾದ್ದಕ್ಕಿಂತ ಜಾಸ್ತಿ ಕೇಳುವುದು. ಓದುತ್ತಾ ಹೋದ ಹಾಗೆ ನಾಲ್ಕೂ ನಮ್ಮಲ್ಲಿ ಇದೆ ಅಂತ ಗೊತ್ತಾಯಿತು.

ಮೊದಲ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಕೈಯಾರೆ ಲೆಕ್ಕ ಮಾಡಿ ನೋಡುವ ತನಕ ನಾನೂ ನಂಬಿರಲಿಲ್ಲ. ವಾರಕ್ಕೆ 100 ಸೀಲ್ ಖರ್ಚಾಗುತ್ತದೆ ಅಂದುಕೊಳ್ಳಿ. ಲೀಡ್ ಟೈಮ್ 8 ವಾರ, ವಾರಕ್ಕೊಮ್ಮೆ ಆರ್ಡರ್. ಹಾಗಾದರೆ ಕೈಯಲ್ಲಿರುವುದು, ದಾರಿಯಲ್ಲಿರುವುದು ಎರಡೂ ಸೇರಿ 9 ವಾರಕ್ಕಾಗುವಷ್ಟು (ಲೀಡ್ ಟೈಮ್ 8, ಮುಂದಿನ ಆರ್ಡರ್ ತನಕ ಇನ್ನೊಂದು), ಅಂದರೆ 900 ಇರಬೇಕು. ಈ ವಾರ ಖರ್ಚು 110 ಆಯಿತು. ಓ, ಬೇಡಿಕೆ ಏರಿದೆ ಅಂತ ಸಾಫ್ಟ್‌ವೇರ್ ಅಂದಾಜು ಬದಲಿಸುತ್ತದೆ. ಈಗ ಇರಬೇಕಾದ್ದು 990. ಖರ್ಚಾದ 110 ತುಂಬಬೇಕು, ಮೇಲೆ 90 ಸೇರಿಸಬೇಕು. ಆರ್ಡರ್ 200! ಬೇಡಿಕೆ ಏರಿದ್ದು ನೂರಕ್ಕೆ ಹತ್ತು, ಆರ್ಡರ್ ಏರಿದ್ದು ಎರಡು ಪಟ್ಟು. ಮುಂದಿನ ವಾರ ಖರ್ಚು ಮತ್ತೆ 100ಕ್ಕೆ ಇಳಿಯಿತು ಅನ್ನಿ. ಇರಬೇಕಾದ್ದು ಮತ್ತೆ 900, ಹಾಗಾಗಿ 100ರಲ್ಲಿ 90 ಕಳೆದು ಆರ್ಡರ್ ಬರೀ 10. ಆ ಕಡೆ ಕೂತ ಸಪ್ಲೈಯರಿಗೆ ಕಾಣುವುದು 100, 200, 10. ನಮ್ಮ ಗಿರಾಕಿ ಮಾಡಿದ್ದು 100, 110, 100. ಯಾರೂ ತಪ್ಪು ಮಾಡಿಲ್ಲ. ಸಾಫ್ಟ್‌ವೇರ್ ಹೇಳಿದ ಹಾಗೆ ಕೇಳಿದ್ದಾರೆ ಅಷ್ಟೆ.

ಇದನ್ನು ಮೀಟಿಂಗಿನಲ್ಲಿ ತೋರಿಸಿದೆ. ತಲೆ ಅಲ್ಲಾಡಿಸಿದರು, ಎದ್ದು ಹೋದರು. ಲೆಕ್ಕ ತೋರಿಸಿದರೆ ಸಾಲದು, ಅವರಿಗೂ ನನ್ನ ಹಾಗೆ ಅನುಭವಕ್ಕೆ ಬರಬೇಕು ಅನ್ನಿಸಿತು. ಅದಕ್ಕೆ ಬಿಯರ್ ಗೇಮ್ ಆಡಿಸಿದೆ. ಎಂಐಟಿಯಲ್ಲಿ ಫಾರೆಸ್ಟರ್ ಅವರ ಗುಂಪು ರೂಪಿಸಿದ ಆಟ ಇದು. ನಾಲ್ಕು ಜನ ಸಾಲಾಗಿ ಕೂರುತ್ತಾರೆ: ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಮಾತಾಡುವಂತಿಲ್ಲ, ಚೀಟಿಯಲ್ಲಿ ಆರ್ಡರ್ ಮಾತ್ರ, ಸರಕಿನ ಬದಲು ನಾಣ್ಯ. ಚೀಟಿ ತಲುಪಲು, ಸರಕು ಬರಲು ಕೆಲವು ವಾರ ತಡ. ಗಿರಾಕಿಯ ಬೇಡಿಕೆ ಮೊದಲ ನಾಲ್ಕು ವಾರ 4, ಐದನೇ ವಾರದಿಂದ 8, ಆಮೇಲೆ ಕೊನೆಯವರೆಗೂ 8. ಅಷ್ಟೇ, ಒಂದೇ ಒಂದು ಬದಲಾವಣೆ.

ಪರ್ಚೇಸ್ ಮುಖ್ಯಸ್ಥರು ವಿತರಕನ ಕುರ್ಚಿಯಲ್ಲಿ, ಸ್ಟೋರ್ಸ್ ನೋಡಿಕೊಳ್ಳುವವರು ಕಾರ್ಖಾನೆಯ ಕುರ್ಚಿಯಲ್ಲಿ. ಹತ್ತನೇ ವಾರಕ್ಕೆ ಎಲ್ಲರ ಮುಂದೂ ಕೊರತೆ. ವಿತರಕರು ಚೀಟಿಯಲ್ಲಿ 20 ಬರೆದರು, ಬರಲಿಲ್ಲ, ಮುಂದಿನ ವಾರ 30 ಬರೆದರು, ಆಗಲೂ ಬರಲಿಲ್ಲ, ಪೆನ್ ಒತ್ತಿ ಒತ್ತಿ 40 ಬರೆದು ಚೀಟಿ ಮಡಚಿ ತಳ್ಳಿದರು. ಹಿಂದೆ ಬರೆದ 20, 30 ಎಲ್ಲಾ ದಾರಿಯಲ್ಲೇ ಇದೆ ಅನ್ನುವುದು ಅವರಿಗೆ ಮರೆತೇಹೋಗಿತ್ತು. ಕೆಲವು ವಾರಗಳಲ್ಲಿ ಅದೆಲ್ಲಾ ಒಂದರ ಹಿಂದೆ ಒಂದು ಬರಲು ಶುರುವಾಯಿತು. ಅವರ ಮುಂದೆ ನಾಣ್ಯಗಳ ಗುಡ್ಡೆ ಏರುತ್ತಾ ಹೋಯಿತು, ಅವರು ಚೀಟಿಯ ಮೇಲೆ ಸೊನ್ನೆ ಸೊನ್ನೆ ಅಂತ ಬರೆಯುತ್ತಾ ಕೂತರು. ಆಟ ಮುಗಿದ ಮೇಲೆ ಗಿರಾಕಿಯ ಬೇಡಿಕೆ ಎಷ್ಟಿತ್ತು ಅಂತ ಊಹಿಸಿ ಅಂದೆ. ಕಾರ್ಖಾನೆಯವರು ದೊಡ್ಡ ಅಲೆ ಬರೆದರು, ಏರಿ, ಇಳಿದು, ಮತ್ತೆ ಏರಿ. ನಾನು ಕಾರ್ಡುಗಳನ್ನು ಒಂದೊಂದಾಗಿ ಮಗುಚಿದೆ. 8, 8, 8, 8. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಪರ್ಚೇಸ್ ಮುಖ್ಯಸ್ಥರು ತುಂಬಾ ಹೊತ್ತು ಆ ಕಾರ್ಡುಗಳನ್ನೇ ನೋಡುತ್ತಿದ್ದು, ಕೊನೆಗೆ ಹೇಳಿದರು: "ಸೀಲಿಗೂ ನಾನು ಇದನ್ನೇ ಮಾಡ್ತಾ ಇದ್ದೀನಲ್ಲ."

ಎಂಐಟಿಯ ಪ್ರೊಫೆಸರ್ ಜಾನ್ ಸ್ಟರ್ಮನ್ ಅವರು 1989ರಲ್ಲಿ ಈ ಆಟದ ಫಲಿತಾಂಶಗಳನ್ನು ಕೂಲಂಕಷವಾಗಿ ನೋಡಿ ಬರೆದಿದ್ದಾರೆ. ತಂಡಗಳು ಸರಾಸರಿ ತೆತ್ತ ವೆಚ್ಚ, ಸಾಧ್ಯವಿದ್ದ ಕನಿಷ್ಠ ವೆಚ್ಚದ ಸುಮಾರು ಹತ್ತು ಪಟ್ಟು. ಮುಖ್ಯ ಕಾರಣ ನಾನು ಮೇಲೆ ಹೇಳಿದ್ದೇ: ಜನ ರ್‍ಯಾಕ್ ನೋಡಿ ಆರ್ಡರ್ ಹಾಕುತ್ತಾರೆ, ದಾರಿಯಲ್ಲಿರುವುದನ್ನು ಲೆಕ್ಕಕ್ಕೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಸಾಫ್ಟ್‌ವೇರ್ ದಾರಿಯಲ್ಲಿರುವುದನ್ನು ಲೆಕ್ಕ ಹಾಕುತ್ತಿತ್ತು, ಆದರೆ ಲೈನ್ ನಿಂತ ದಿನ ಸಾಫ್ಟ್‌ವೇರ್ ಮಾತನ್ನು ಯಾರು ಕೇಳುತ್ತಿದ್ದರು? ಫೋನ್ ಎತ್ತಿ ಇನ್ನೂ ಇನ್ನೂರು ಹೇಳಿಬಿಡುತ್ತಿದ್ದೆವು.

ಇಲ್ಲಿಯವರೆಗಿನದ್ದು ನಮ್ಮ ಗೋಡೆಯೊಳಗಿನ ಕಥೆ. ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಸಪ್ಲೈಯರ್ ಹತ್ತಿರ ಕಳೆದ ಎರಡು ದಿನ.

ಮೂರು ವರ್ಷ ದಿನಾ ಫೋನಿನಲ್ಲಿ ಮಾತಾಡಿದ್ದೆ, ಒಮ್ಮೆಯೂ ಹೋಗಿರಲಿಲ್ಲ. ಅವರ ಪ್ಲ್ಯಾನರ್ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಸುಮ್ನೆ ಕೂತೆ. ಅವರ ಬೋರ್ಡಿನ ಮೇಲೆ ನಮ್ಮ ಕಂಪನಿಯ ಸಾಲಿನಲ್ಲಿ ಕೆಂಪು ಚೀಟಿಗಳೇ ಕೆಂಪು ಚೀಟಿಗಳು. ಕೆಂಪು ಅಂದರೆ ಅರ್ಜೆಂಟ್. ನಾನು ಫೋನ್ ಮಾಡಿದಾಗಲೆಲ್ಲಾ ಒಂದು ಕೆಂಪು ಚೀಟಿ ಏರುತ್ತಿತ್ತಂತೆ. ಮೆಷಿನ್ ಮೇಲೆ ಒಂದು ಅಳತೆಯ ಸೀಲ್ ಓಡುತ್ತಿರುವಾಗ ಅದನ್ನು ನಿಲ್ಲಿಸಿ, ಸೆಟ್ಟಿಂಗ್ ಬದಲಿಸಿ, ನಾನು ಕೇಳಿದ ಅಳತೆ ಹಾಕಬೇಕು. ಬದಲಿಸಲು ಅರ್ಧ ಶಿಫ್ಟ್ ಹೋಗುತ್ತದೆ. ಆ ಅರ್ಧ ಶಿಫ್ಟಿನಲ್ಲಿ ಆಗಬೇಕಿದ್ದ ಸೀಲುಗಳು ತಡವಾಗುತ್ತವೆ. ಅವೂ ನಮ್ಮವೇ! ಮುಂದಿನ ವಾರ ಅದಕ್ಕಾಗಿ ನಾನು ಮತ್ತೆ ಫೋನ್ ಮಾಡುತ್ತೇನೆ, ಮತ್ತೊಂದು ಕೆಂಪು ಚೀಟಿ.

ಅವರು ಮೆತ್ತಗೆ ಹೇಳಿದ ಇನ್ನೊಂದು ಮಾತು: "ನೀವು ಕಳಿಸೋ ಆರ್ಡರಿನಲ್ಲಿ ಎಷ್ಟು ನಿಜ ಅಂತ ನಮಗೆ ಗೊತ್ತಾಗೋದಿಲ್ಲ ಸರ್. ಆಮೇಲೆ ಅರ್ಧ ಕ್ಯಾನ್ಸಲ್ ಮಾಡ್ತೀರ. ಅದಕ್ಕೆ ನಾವೇ ಒಂದು ಅಂದಾಜಿನಲ್ಲಿ ಕಡಿಮೆ ಮಾಡ್ತೀವಿ." ಅಂದರೆ ನಾವು ಅವರನ್ನು ನಂಬದೆ ಜಾಸ್ತಿ ಕೇಳುತ್ತಿದ್ದೆವು, ಅವರು ನಮ್ಮನ್ನು ನಂಬದೆ ಕಡಿಮೆ ಮಾಡುತ್ತಿದ್ದರು. ಅವರು ಕಡಿಮೆ ಮಾಡುತ್ತಾರೆ ಅಂತಲೇ ನಾವು ಇನ್ನೂ ಜಾಸ್ತಿ ಕೇಳುತ್ತಿದ್ದೆವು.

ಎರಡನೇ ದಿನ ಮಧ್ಯಾಹ್ನ ಅವರ ಬೋರ್ಡ್ ಮುಂದೆ ನಿಂತು ನಾವಿಬ್ಬರೂ ಒಂದು ಲೆಕ್ಕ ಮಾಡಿದೆವು. ಇದಕ್ಕೆ ಲಿಟಲ್ ನಿಯಮ ಅಂತಾರೆ, 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ್ದು, ತುಂಬಾ ಸರಳ: ಸಾಲಿನಲ್ಲಿ ಕಾದಿರುವುದನ್ನು ವಾರಕ್ಕೆ ಆಗುವ ಕೆಲಸದಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಬರುತ್ತದೆ. ಲೆಕ್ಕ ಸುಲಭವಾಗಲಿ ಅಂತ ಇಟ್ಟುಕೊಳ್ಳಿ, ವಾರಕ್ಕೆ ನಮಗಾಗಿ 100 ಸೀಲ್ ಮಾಡುತ್ತಾರೆ, ಸಾಲಿನಲ್ಲಿ 800 ಇದೆ. ಹಾಗಾದರೆ 8 ವಾರ. ಈಗ ಯಾವುದೋ ಕಾರಣಕ್ಕೆ ಒಂದು ಲಾಟ್ ತಡವಾಯಿತು. ನಾನು ಜಾಗ್ರತೆ ಅಂತ ಸಾಫ್ಟ್‌ವೇರಿನಲ್ಲಿ ಲೀಡ್ ಟೈಮ್ 8 ಅನ್ನು 12 ಮಾಡಿದೆ. ಆ ಕ್ಷಣ ಸಾಫ್ಟ್‌ವೇರ್ ಏನು ಮಾಡುತ್ತದೆ? 9 ವಾರದ ಬದಲು 13 ವಾರಕ್ಕಾಗುವಷ್ಟು ಇರಬೇಕು ಅಂತ ಲೆಕ್ಕ ಹಾಕಿ, ಅವತ್ತು ರಾತ್ರಿಯೇ 400 ಸೀಲಿನ ಹೊಸ ಆರ್ಡರ್ ಎಬ್ಬಿಸುತ್ತದೆ. ಬೇಡಿಕೆ ಒಂದೂ ಏರಿಲ್ಲ. ಈ 400 ಹೋಗಿ ಸಪ್ಲೈಯರ್ ಸಾಲಿನಲ್ಲಿ ಕೂರುತ್ತದೆ. ಸಾಲು 1,200 ಆಯಿತು. ವಾರಕ್ಕೆ 100. ಕಾಯುವ ಸಮಯ 12 ವಾರ.

ನಾನು 12 ಅಂತ ಬರೆದೆ, ಅದಕ್ಕೇ 12 ಆಯಿತು.

ಬೋರ್ಡಿನ ಮೇಲೆ ಆ ಸಂಖ್ಯೆ ಬಿದ್ದಾಗ ನನಗೆ ಮಾತೇ ಹೊರಡಲಿಲ್ಲ. ಮೂರು ವರ್ಷದಿಂದ ನಾನು ಬಹಳ ಶ್ರದ್ಧೆಯಿಂದ ಆ ಕಾಲಂ ಅಪ್‌ಡೇಟ್ ಮಾಡುತ್ತಿದ್ದೆ. 8ರಿಂದ 10, 10ರಿಂದ 12, 12ರಿಂದ 14. ಪ್ರತಿ ಸಲ, ನೋಡಿ ನಾನು ಏರಿಸಿದ್ದು ಸರಿಯಾಗಿತ್ತು, ಈಗ ಅಷ್ಟೇ ವಾರ ಆಗುತ್ತಿದೆ ಅಂದುಕೊಂಡಿದ್ದೆ. ಸಪ್ಲೈಯರ್ ನಿಧಾನ ಆಗುತ್ತಿದ್ದಾರೆ ಅಂತ ಅವರಿಗೆ ಬೈಗುಳವೂ ತಿನ್ನಿಸಿದ್ದೆ. ಅವರ ಮೆಷಿನ್ ಅಷ್ಟೇ ವೇಗದಲ್ಲಿ ಓಡುತ್ತಿತ್ತು. ಉದ್ದ ಆಗಿದ್ದು ಸಾಲು, ಉದ್ದ ಮಾಡಿದ್ದು ನಾವು. 2020ರ ಕೊನೆಯಿಂದ ಶುರುವಾದ ಚಿಪ್ ಕೊರತೆಯಲ್ಲೂ ಇದರ ಒಂದು ದೊಡ್ಡ ರೂಪ ಕಂಡಿತ್ತು. ಕಾರು ಕಂಪನಿಗಳು ಮೊದಲು ಆರ್ಡರ್ ಕಡಿತ ಮಾಡಿದವು, ಆ ಜಾಗ ಬೇರೆ ಎಲೆಕ್ಟ್ರಾನಿಕ್ಸ್‌ನವರಿಗೆ ಹೋಯಿತು, ಬೇಡಿಕೆ ವಾಪಸ್ ಬಂದಾಗ ಎಲ್ಲರೂ ಸಾಲಿನಲ್ಲಿ ನಿಂತರು, ಕಾಯುವುದು ಹೆಚ್ಚಾದಷ್ಟೂ ಜನ ಮೊದಲೇ, ಜಾಸ್ತಿ ಕೇಳತೊಡಗಿದರು. ಆಗ ಸುದ್ದಿ ಓದುವಾಗ ಅದು ದೂರದ ವಿಷಯ ಅನ್ನಿಸಿತ್ತು.

ವಾಪಸ್ ಬಂದವನೇ ಉತ್ಸಾಹದಲ್ಲಿ ಇಡೀ ಕಂಪನಿಯ ನಕ್ಷೆ ಬರೆಯಲು ಕೂತೆ. ಯಾವುದರಿಂದ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಅಂತ ಬಾಣ ಹಾಕುವ ನಕ್ಷೆ. ಅರವತ್ತಕ್ಕೂ ಹೆಚ್ಚು ಬಾಣ ಆಯಿತು. ಯಾರೂ ಓದಲಿಲ್ಲ, ಓದಲು ಆಗುವಂತೆಯೂ ಇರಲಿಲ್ಲ. ಅದನ್ನು ಮಡಚಿಟ್ಟು ಒಂದೇ ಸುತ್ತು ಬರೆದೆ: ಕೊರತೆ, ಫೋನು, ಮೆಷಿನ್ ಬದಲಾವಣೆ, ತಡ, ಲೀಡ್ ಟೈಮ್ ಏರಿಕೆ, ದೊಡ್ಡ ಆರ್ಡರ್, ಉದ್ದ ಸಾಲು, ಮತ್ತೆ ತಡ, ಮತ್ತೆ ಕೊರತೆ. ಇದನ್ನು ಎಲ್ಲರೂ ಓದಿದರು. ಸೇಲ್ಸ್ ಮುಖ್ಯಸ್ಥರು ತಾವೇ ಬಂದು ಪೆನ್ ತೆಗೆದುಕೊಂಡು ಒಂದು ಬಾಣ ಸೇರಿಸಿದರು: ಮೂರು ತಿಂಗಳ ಕೊನೆಯ ರಿಯಾಯಿತಿ. ಟಾರ್ಗೆಟ್ ಮುಟ್ಟಲು ಅವರು ಆ ಕೊನೆಯ ಎರಡು ವಾರ ಡೀಲರುಗಳಿಗೆ ರಿಯಾಯಿತಿ ಕೊಡುತ್ತಾರೆ, ಡೀಲರುಗಳು ತುಂಬಿಸಿಕೊಳ್ಳುತ್ತಾರೆ, ಆಮೇಲೆ ಒಂದು ತಿಂಗಳು ಆರ್ಡರೇ ಇಲ್ಲ. ನನ್ನ ಗ್ರಾಫಿನ ಗುಡ್ಡಗಳು ಅಲ್ಲಿಂದ ಬಂದವು.

ಇದನ್ನೆಲ್ಲಾ ನೋಡಿದಾಗ ಕಾರಣ ಇನ್ನೂ ಆಳದಲ್ಲಿದೆ ಅಂತ ಗೊತ್ತಾಯಿತು. ಪರ್ಚೇಸ್‌ನವರನ್ನು ಅಳೆಯುವುದು ಒಂದು ಸೀಲಿನ ದರದ ಮೇಲೆ, ಹಾಗಾಗಿ ಅವರು ದೊಡ್ಡ ಲಾಟ್ ಕೊಳ್ಳುತ್ತಾರೆ. ಪ್ರೊಡಕ್ಷನ್‌ನವರನ್ನು ಅಳೆಯುವುದು ಮೆಷಿನ್ ಎಷ್ಟು ಹೊತ್ತು ಓಡಿತು ಅಂತ, ಹಾಗಾಗಿ ಬೇಡದ ಕೇಸಿಂಗನ್ನೂ ಮಾಡುತ್ತಾರೆ. ಸ್ಟೋರ್ಸ್‌ನವರನ್ನು ತಿಂಗಳ ಕೊನೆಯ ದಿನದ ಸ್ಟಾಕ್ ನೋಡಿ ಅಳೆಯುತ್ತಾರೆ, ಹಾಗಾಗಿ ಬರುವ ಲಾರಿಯನ್ನು ಒಂದನೇ ತಾರೀಖಿಗೆ ಬಾ ಅನ್ನುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಒಂದು ವ್ಯತ್ಯಾಸ ಏನೆಂದರೆ, ಏರಿಗೆ ಎಳೆ, ನೀರಿಗೆ ಎಳೆ ಅಂತ ಹೇಳಿಕೊಟ್ಟದ್ದು ಕಂಪನಿಯೇ.

ಸಿಸ್ಟಮ್ಸ್ ಥಿಂಕಿಂಗ್ ಬಗ್ಗೆ ಬರೆದ ವಿಜ್ಞಾನಿ ಡೊನೆಲ್ಲಾ ಮೆಡೋಸ್ ಅವರು 1999ರಲ್ಲಿ ಒಂದು ವ್ಯವಸ್ಥೆಯನ್ನು ಬದಲಿಸಲು ಎಲ್ಲೆಲ್ಲಿ ಕೈ ಹಾಕಬಹುದು ಅಂತ 12 ಜಾಗಗಳ ಪಟ್ಟಿ ಕೊಟ್ಟಿದ್ದರು, ಕಡಿಮೆ ಪರಿಣಾಮದ್ದು 12ನೇ ಜಾಗದಲ್ಲಿ. 12ನೆಯದು ಅಂಕಿಗಳನ್ನು ತಿದ್ದುವುದು, 11ನೆಯದು ದಾಸ್ತಾನಿನ ಗಾತ್ರ ಬದಲಿಸುವುದು. ಅಂದರೆ ನನ್ನ ಸೇಫ್ಟಿ ಸ್ಟಾಕ್, ನನ್ನ ಲೀಡ್ ಟೈಮ್ ಕಾಲಂ! ಯಾರಿಗೆ ಯಾವ ಮಾಹಿತಿ ತಲುಪುತ್ತದೆ ಅನ್ನುವುದು 6ನೇ ಜಾಗ, ನಿಯಮಗಳು 5, ಗುರಿ 3. ಅಂಕಿ ತಿದ್ದುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಮೂರು ವರ್ಷ ಬರೀ ಅಲ್ಲೇ ಒದ್ದಾಡಿದೆ ಅಂತ ಬೇಸರ ಆಯಿತು.

ಬದಲಾವಣೆ ಶುರು ಮಾಡಿದ್ದು ಸೀಲಿನಿಂದ ಮಾತ್ರ. ಡೀಲರುಗಳ ವಾರದ ಮಾರಾಟ ನೇರವಾಗಿ ಸಪ್ಲೈಯರಿಗೂ ಹೋಗುವಂತೆ ಮಾಡಿದೆವು. ತಿಂಗಳಿಗೊಮ್ಮೆ ದೊಡ್ಡ ಆರ್ಡರ್ ಬದಲು ವಾರವಾರ ಸಣ್ಣದು. ಕೊರತೆ ಕಂಡರೆ ಅದನ್ನು ಒಂದೇ ಆರ್ಡರಿನಲ್ಲಿ ತುಂಬುವಂತಿಲ್ಲ, ಆರು ವಾರಕ್ಕೆ ಹಂಚಬೇಕು. ಮೇಲಿನ ಲೆಕ್ಕದಲ್ಲಿ 90 ಸೇರಿಸಬೇಕಿತ್ತಲ್ಲ, ಅದನ್ನು ಆರರಲ್ಲಿ ಭಾಗಿಸಿದರೆ 15, ಆರ್ಡರ್ 200ರ ಬದಲು 125. ಅರ್ಜೆಂಟ್ ಫೋನ್ ವಾರಕ್ಕೆ ಒಂದೇ, ಯಾವುದು ಅಂತ ನಾವೆಲ್ಲಾ ಕೂತು ತೀರ್ಮಾನಿಸಬೇಕು. ಲೀಡ್ ಟೈಮ್ ಕಾಲಮನ್ನು ಒಬ್ಬನೇ ಮುಟ್ಟುವಂತಿಲ್ಲ. ಸಾಲಿನಲ್ಲಿದ್ದ ಹಳೆಯ ಆರ್ಡರುಗಳಲ್ಲಿ ನಿಜವಾಗಿ ಬೇಡದ್ದನ್ನು ಸಪ್ಲೈಯರ್ ಜೊತೆ ಕೂತು ಒಂದೇ ಸಲ ತೆಗೆದುಹಾಕಿದೆವು. ಅವರು ಅದಕ್ಕಾಗಿ ಆಗಲೇ ತಂದಿಟ್ಟಿದ್ದ ಕಚ್ಚಾವಸ್ತುವಿನ ಹೊಣೆ ನಾವು ಹೊತ್ತೆವು. ಅದು ನ್ಯಾಯ, ಅವರು ತಂದಿಟ್ಟದ್ದು ನಮ್ಮ ಚೀಟಿ ನಂಬಿ.

ಮೊದಲ ಎರಡು ತಿಂಗಳು ಕಷ್ಟ. ಪರಿಸ್ಥಿತಿ ಸುಧಾರಿಸಲಿಲ್ಲ, ಕೆಟ್ಟಿತು. ಏಳನೇ ವಾರ ಸೀಲ್ ಮತ್ತೆ ಖಾಲಿ, ಲೈನ್ ಒಂದೂವರೆ ದಿನ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಪ್ರೊಡಕ್ಷನ್ ಮುಖ್ಯಸ್ಥರು ಕೋಪದಿಂದ, ನಿಮ್ಮ ಗ್ರಾಫು ಪಂಪ್ ಮಾಡುತ್ತದಾ ಅಂದರು. ಕೈ ಫೋನಿನ ಮೇಲೇ ಇತ್ತು. ಮುನ್ನೂರು ಹೇಳಿಬಿಟ್ಟರೆ ನಾನು ಏನೋ ಮಾಡಿದೆ ಅಂತ ಎಲ್ಲರಿಗೂ ಕಾಣುತ್ತಿತ್ತು. ಹಾಗೆ ಮಾಡಲಿಲ್ಲ. ದಾರಿಯಲ್ಲಿ ಎಷ್ಟಿದೆ ಅಂತ ತೋರಿಸಿದೆ, ಯಾವ ದಿನ ಎಷ್ಟು ಬರುತ್ತದೆ ಅಂತ ಬರೆದು ಗೋಡೆಗೆ ಹಾಕಿದೆ. ಆಗ ನನ್ನ ಪರವಾಗಿ ಮಾತಾಡಿದ್ದು ಪರ್ಚೇಸ್ ಮುಖ್ಯಸ್ಥರು, ಆಟದಲ್ಲಿ ನಾಣ್ಯಗಳ ಗುಡ್ಡೆ ಮುಂದೆ ಕೂತಿದ್ದವರು. ಅವರು ಇಲ್ಲದಿದ್ದರೆ ಇದು ಅಲ್ಲಿಗೇ ಮುಗಿಯುತ್ತಿತ್ತು. ತಡ ಇರುವ ಯಾವ ವ್ಯವಸ್ಥೆಯಲ್ಲೂ ಇವತ್ತು ಮಾಡಿದ್ದರ ಫಲ ಕಾಣಲು ಅಷ್ಟು ವಾರ ಕಾಯಲೇಬೇಕು, ಆದರೆ ಆ ವಾರಗಳಲ್ಲಿ ಧೈರ್ಯ ಹಿಡಿದು ಕೂರಲು ಜೊತೆಗೆ ಯಾರಾದರೂ ಬೇಕು.

ನಾಲ್ಕನೇ ತಿಂಗಳಿಂದ ಸಪ್ಲೈಯರ್ ಬೋರ್ಡಿನಲ್ಲಿ ಕೆಂಪು ಚೀಟಿ ಕಡಿಮೆ ಆಯಿತು. ಮೆಷಿನ್ ಸೆಟ್ಟಿಂಗ್ ಬದಲಿಸುವುದು ಕಡಿಮೆಯಾಯಿತು, ಅದೇ ಮೆಷಿನಿನಲ್ಲಿ ಹೆಚ್ಚು ಸೀಲ್ ಬಂತು. ಸಾಲು ಕರಗಿತು. ವರ್ಷ ಮುಗಿಯುವ ಹೊತ್ತಿಗೆ 14 ವಾರ ಆಗಿದ್ದದ್ದು 7ಕ್ಕೆ ಇಳಿದಿತ್ತು. ಸೀಲಿನ ರ್‍ಯಾಕ್ ಈಗ ತುಂಬಿಯೂ ಇರುವುದಿಲ್ಲ, ಖಾಲಿಯೂ ಇರುವುದಿಲ್ಲ. ಸಪ್ಲೈಯರ್ ಕಡೆಯವರು ಈಗ ತಾವೇ ಫೋನ್ ಮಾಡಿ, ಡೀಲರುಗಳ ಮಾರಾಟ ಇಳಿದಿದೆ, ಈ ವಾರ ಸ್ವಲ್ಪ ಕಡಿಮೆ ಕಳಿಸಲಾ ಅಂತ ಕೇಳುತ್ತಾರೆ.

ಎಲ್ಲಾ ಸರಿಹೋಗಿದೆ ಅಂತ ಅಲ್ಲ. ಮೂರು ತಿಂಗಳ ಕೊನೆಯ ರಿಯಾಯಿತಿ ಒಂದು ಮಾದರಿಯ ಪಂಪಿಗೆ ಮಾತ್ರ ನಿಂತಿದೆ, ಉಳಿದದ್ದಕ್ಕೆ ನಡೆಯುತ್ತಲೇ ಇದೆ. ಟಾರ್ಗೆಟ್ ಲೆಕ್ಕ ಹಾಕುವ ರೀತಿ ಬದಲಾಗುವ ತನಕ ಅದು ನಿಲ್ಲುವುದಿಲ್ಲ. ಅದು ನಮ್ಮ ಮಟ್ಟದ ಮಾತಲ್ಲ, ಆದರೂ ಪ್ರತಿ ಮೀಟಿಂಗಿನಲ್ಲೂ ನಾನೂ ಸೇಲ್ಸ್ ಮುಖ್ಯಸ್ಥರೂ ಅದನ್ನು ಎತ್ತುತ್ತೇವೆ. ಮೆಷಿನ್ ಎಷ್ಟು ಹೊತ್ತು ಓಡಿತು ಅನ್ನುವ ಅಳತೆಯೂ ಹಾಗೇ ಇದೆ, ಕೇಸಿಂಗುಗಳ ರಾಶಿಯೂ ಹಾಗೇ ಇದೆ.

ಈಗ ಬೇರಿಂಗಿನ ಗ್ರಾಫ್ ಶುರು ಮಾಡಿದ್ದೇನೆ. ಅದೇ ಅಳತೆಯ ಹಾಳೆ, ಅದೇ ನಾಲ್ಕು ಗೆರೆ. ಮೊದಲ ಗೆರೆಯ ಜಾಗದಲ್ಲಿ ಅರ್ಧ ಖಾಲಿ ಇದೆ, ಯಾಕೆಂದರೆ ಇಬ್ಬರು ದೊಡ್ಡ ಡೀಲರುಗಳು ಮಾರಾಟದ ಲೆಕ್ಕ ಕೊಡಲು ಒಪ್ಪಿಲ್ಲ. ಕೊಟ್ಟರೆ ನಮಗೇನು ಲಾಭ ಅಂತ ಕೇಳುತ್ತಾರೆ, ಕೇಳುವುದು ಸರಿಯಾಗಿಯೇ ಇದೆ. ಮುಂದಿನ ವಾರ ಸೀಲಿನ ಗ್ರಾಫ್ ಸುರುಳಿ ಸುತ್ತಿಕೊಂಡು ಅವರ ಹತ್ತಿರ ಹೋಗುತ್ತಿದ್ದೇನೆ, ಸಪ್ಲೈಯರ್ ಕಡೆಯ ಆ ಪ್ಲ್ಯಾನರನ್ನೂ ಜೊತೆಗೆ ಕರೆದುಕೊಂಡು.